ಹಾಸಿಗೆಗಳ ನಡುವಿನ ಸಾಹೇಬ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಹಿರಿಯರ ಮಾತು. ಹಾಸಿಗೆ ಅತ್ತೆಯದಾದರೆ ಕಾಲು ಇದ್ದಷ್ಟೂ ಚಾಚು ಎನ್ನುವುದು ಸಲಹೆಗಾರನ ಮಾತು. ಇದು ನಡೆದ ಕತೆ. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ಸಲಹೆಗಾರ ಆಡಿದ್ದು. ಅವನ ಬಾಯಿಗೆ ನಾವು ಜಾಮೀನಲ್ಲ.

ಅವನ ಲೆಕ್ಕದಲ್ಲಿ ಮೊದಲು ಮೋಸ ಮಾಡಿದವಳು ಅತ್ತೆಯೇ. ಅಪ್ಪನ ಅಕ್ಕ. ತಾಯಿಯಿಲ್ಲದ ಹುಡುಗನನ್ನು ತಂದು ಸಾಕಿ, ಕಾಲೇಜು ಓದಿಸಿ, ಆಮೇಲೆ ತನ್ನ ಮಗ್ಗದ ಶೆಡ್ಡಿನ ಮುಂದಿನ ಕೋಣೆಯಲ್ಲಿ ಕೂರಿಸಿದವಳು. ಒಳಗೆ ವಿದ್ಯುತ್ ಮಗ್ಗಗಳು ಟವೆಲು, ಹೊದಿಕೆ ನೇಯುತ್ತಿದ್ದವು. ಹೊರಗೆ ಇವನು ಮಾತು ನೇಯುತ್ತಿದ್ದ. ಜವಳಿ ಅಂಗಡಿಯವರಿಗೆ ಫೋನು ಮಾಡಿ ನಗಿಸಿ, ನಗುನಗುತ್ತಲೇ ಬೆಲೆ ಏರಿಸಿ, ಫೋನು ಇಟ್ಟ ಮೇಲೆ ಅವರದೇ ಧ್ವನಿಯಲ್ಲಿ ಅವರನ್ನು ಅಣಕಿಸುವುದು ಅವನ ಕೆಲಸವೂ ಹೌದು, ಖುಷಿಯೂ ಹೌದು. ಕಾಲೇಜಿನಲ್ಲಿ ಅವನಿಗಿದ್ದ ಹೆಸರು ಗಿಣಿ. ಶೆಡ್ಡಿನ ಒಳಕ್ಕೆ ಮಾತ್ರ ಅವನು ಹೋಗುತ್ತಿರಲಿಲ್ಲ. ಹತ್ತಿಯ ಧೂಳಿಗೆ ಸೀನು, ಸದ್ದಿಗೆ ತಲೆನೋವು. ನಡುವಿನ ದಪ್ಪ ಬಾಗಿಲಿಗೆ ಒಂದು ಗಾಜಿನ ಕಿಂಡಿಯಿತ್ತು. ಕಿಂಡಿಯಲ್ಲಿ ಕಂಡಷ್ಟೇ ಶೆಡ್ಡು ಅವನಿಗೆ ಗೊತ್ತಿದ್ದದ್ದು.

ವಯಸ್ಸಾಯಿತು ಎಂದು ಅತ್ತೆ ಒಂದು ದಿನ ಮಗ್ಗಗಳನ್ನು ಮಾರಿಬಿಟ್ಟಳು. ಆ ಮಧ್ಯಾಹ್ನ ಅವನು ಮೊದಲ ಸಲ ಬಾಗಿಲು ದಾಟಿ ಒಳಗೆ ಹೋದ. ಯಂತ್ರಗಳು ನಿಂತಿದ್ದವು. ಗೋಡೆಯ ಹಲ್ಲಿ ಲೊಚಗುಟ್ಟಿದ್ದೂ ಕೇಳುವಷ್ಟು ಮೌನ. ಅತ್ತೆ ಆಚೆ ಮುಖ ಮಾಡಿ ಕೊನೆಯ ಹೊದಿಕೆಗಳನ್ನು ಮಡಿಸುತ್ತಿದ್ದಳು. ಕನ್ನಡಿಯ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಅವನು ಅವಳ ಬೆನ್ನಿಗೆ ಹೇಳಿದ.

“ಅತ್ತೆ, ಇಷ್ಟು ವರ್ಷ ನಿಮ್ಮ ಹತ್ರ ದುಡಿದೆ. ಇದ್ರಲ್ಲಿ ನಂದು ಅಂತ ಏನಾದ್ರೂ ಇದೆಯಾ?”

ಅತ್ತೆ ಹೊದಿಕೆಯ ಅಂಚಿಗೆ ಅಂಚು ಕೂಡಿಸಿದಳು, ಅಂಗೈಯಿಂದ ನೀವಿದಳು, ಗಂಟನ್ನು ಎತ್ತಿಕೊಂಡು ಉಗ್ರಾಣದ ಕಡೆಗೆ ನಡೆದಳು. ತಿರುಗಿ ಸಹ ನೋಡಲಿಲ್ಲ. ‘ಇಲ್ಲ’ ಎಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ‘ಇಲ್ಲ’ ಎನ್ನುವಷ್ಟು ಬೆಲೆಯನ್ನೂ ಅವಳು ಅವನಿಗೆ ಕೊಡಲಿಲ್ಲ. ಎರಡನೇ ಸಲ ಕೇಳಿದರೆ ಅದು ಹಕ್ಕಲ್ಲ, ಭಿಕ್ಷೆ. ಅವನು ಕೇಳಲಿಲ್ಲ. ವಾರದೊಳಗೆ ಅತ್ತೆ ಮಗ್ಗ ಮಾರಿದ ದುಡ್ಡಿನಲ್ಲಿ ನೇಯುವ ಹೆಂಗಸರಿಗೆಲ್ಲ ಒಂದೊಂದು ಇಡುಗಂಟು ಕೊಟ್ಟಳು. ಅವನಿಗೆ ಆಫೀಸಿನ ಮೇಜು ಬಂತು.

“ತಗೊಂಡು ಹೋಗು ಮಗನೇ, ನಿನ್ನ ಕೈಗೆ ಆಗಿಬಂದಿದೆ,” ಎಂದಳು.

ಆ ಮೇಜನ್ನೇ ಅವನು ಔಷಧಿ ಅಂಗಡಿಯ ಮಹಡಿಯ ಮೇಲೆ ಹಾಕಿಕೊಂಡು, ‘ಹೂಡಿಕೆ ಸಲಹೆಗಾರ’ ಎಂಬ ಫಲಕ ತೂಗುಹಾಕಿದ. ಯಾವುದೋ ಹೋಟೆಲಿನ ವಿಚಾರಗೋಷ್ಠಿಯಲ್ಲಿ ಊಟದ ಜೊತೆ ಕೊಟ್ಟಿದ್ದ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿದ. ಯಾರೂ ಅದನ್ನು ಹತ್ತಿರ ಹೋಗಿ ಓದಲಿಲ್ಲ. ಜನ ಚೌಕಟ್ಟು ನೋಡುತ್ತಾರೆ, ಒಳಗಿನ ಅಕ್ಷರವನ್ನಲ್ಲ. ಈ ದಂಧೆಯ ಮೊದಲ ಪಾಠ ಅದು. ಎರಡನೆಯದು, ಸಲಹೆಗಿಂತ ಮೊದಲು ಸಲಿಗೆ. ಮಕ್ಕಳ ಓದು ಕೇಳಬೇಕು, ಮಂಡಿನೋವಿಗೆ ಎಣ್ಣೆ ಹೇಳಬೇಕು. ಜೇಬಿಗೆ ಹೋಗುವ ದಾರಿ ಮಂಡಿಯ ಮೂಲಕವೇ ಹಾಯುತ್ತದೆ. ಹೂಡಿಕೆ ಅವರದು, ಹೂಟ ನಮ್ಮದು ಎಂದು ಅವನು ತನಗೆ ತಾನೇ ಹೇಳಿಕೊಂಡು ನಕ್ಕ.

ಆದರೆ ಮೋಸ ಮಾಡಿ ಓಡಿಹೋಗುವವರನ್ನು ಕಂಡರೆ ಅವನಿಗೆ ತಾತ್ಸಾರ. ಓಡುವವನನ್ನು ಹಿಡಿಯುತ್ತಾರೆ. ಅಳುವವನನ್ನು ಯಾರು ಹಿಡಿಯುತ್ತಾರೆ? ಅವನ ಯೋಜನೆಯ ಚೆಲುವೆಲ್ಲ ಇದ್ದದ್ದು ಇಲ್ಲಿ. ಕಳ್ಳ ಬೇರೆ ಇರಬೇಕು, ದೂರ ಇರಬೇಕು, ದೊಡ್ಡವನಾಗಿರಬೇಕು. ದುಡ್ಡು ಮುಳುಗಿದ ದಿನ ಸಲಹೆಗಾರ ಮುಳುಗಿದವರ ನಡುವೆಯೇ ಕೂತು, ಎಲ್ಲರಿಗಿಂತ ಮೊದಲು ಎದೆ ಬಡಿದುಕೊಳ್ಳಬೇಕು.

ಹೀಗೆ ಸಾಹೇಬರು ಹುಟ್ಟಿದರು.

ಸಾಹೇಬರು ದೊಡ್ಡ ಹಣಕಾಸು ಸಂಸ್ಥೆಯೊಂದರ ಯಜಮಾನರು. ಯಾರ ಕಣ್ಣಿಗೂ ಬೀಳುವವರಲ್ಲ. ಅವರಿಗೆ ಅವನು ಒಂದು ಗಂಟಲನ್ನು ಬಹಳ ಜತನದಿಂದ ಕಟ್ಟಿದ. ಕಾಲೇಜಿನ ಪ್ರಿನ್ಸಿಪಾಲರ ಮೂಗು, ಹಳೆಯ ಜವಳಿ ವ್ಯಾಪಾರಿಯೊಬ್ಬನ ಕೆಮ್ಮು, ನಿವೃತ್ತ ನ್ಯಾಯಾಧೀಶರ ಹಾಗೆ ಪ್ರತಿ ಮಾತಿನ ಕೊನೆಗೂ ತೀರ್ಪು ಕೊಟ್ಟಂಥ ಒಂದು ನಿಲುಗಡೆ. ಈ ಧ್ವನಿಯನ್ನು ಅವನು ಎಂದೂ ಯಾರ ಮುಂದೆಯೂ ಆಡಿ ನಗಿಸಿರಲಿಲ್ಲ, ಎಚ್ಚರವೆಂದರೆ ಅದು. ಸಾಹೇಬರು ಎಲ್ಲಿಂದ ಮಾತಾಡಬೇಕು ಎನ್ನುವುದಕ್ಕೂ ಪ್ರಯೋಗ ನಡೆಯಿತು. ಬಚ್ಚಲುಮನೆಯಲ್ಲಿ ಮಾತಾಡಿದರೆ ಸಾಹೇಬರು ಬಾವಿಗೆ ಬಿದ್ದವರಂತೆ ಕೇಳಿಸಿದರು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ನಡುವೆ ತೂರಿಕೊಂಡು ಕೂತು ಮಾತಾಡಿದಾಗ, ರತ್ನಗಂಬಳಿ ಹಾಸಿದ ದೊಡ್ಡ ಕಚೇರಿಯ ಗಂಭೀರ ನಿಶ್ಶಬ್ದ ಬಂತು. ಬೆವರು ಮಾತ್ರ ಧಾರಾಳ.

ಇದಕ್ಕೆ ಮನೆ ಖಾಲಿ ಇರಬೇಕು. ಅದಕ್ಕೆ ಅವನು ಹೆಂಡತಿಯನ್ನು ಪ್ರತಿ ಭಾನುವಾರ ಅತ್ತೆಯ ಮನೆಗೆ ಕಳಿಸತೊಡಗಿದ.

ಹೆಂಡತಿ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದವಳು. ಸಂಬಳಕ್ಕೆಂದು ಮುಂದಿನ ಕೋಣೆಗೆ ಬಂದಾಗ ಇವನು ಅಂಗಡಿಯವರನ್ನು ಅಣಕಿಸುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. ಆ ನಗುವಿಗೆ ಇವನು ಬಿದ್ದ. ಮದುವೆಯಾದ ಮೇಲೆ ಗೆಳೆಯರಿಗೆ ಮಾತ್ರ ‘ನಮ್ಮಾಕೆ ಜವಳಿ ಮನೆತನದವಳು’ ಎನ್ನುತ್ತಿದ್ದ. ಅತ್ತೆಗೂ ಅವಳೆಂದರೆ ಜೀವ. ಅವಳು ಹೋಗಿ ಬಂದು ಮಾಡುತ್ತಿದ್ದರೆ ನಂಬಿಕೆ ಬೆಳೆಯುತ್ತದೆ, ಇತ್ತ ಮನೆಯೂ ಬರಿದಾಗುತ್ತದೆ. ಒಂದೇ ಕಲ್ಲು, ಎರಡು ಮಾವಿನಕಾಯಿ. ಕರೆ ಮಾಡುವ ಹೊತ್ತಿಗೆ ಅವಳು ಅದೇ ಮನೆಯಲ್ಲಿರುತ್ತಾಳೆ ಎನ್ನುವುದನ್ನೂ ಅವನು ಯೋಚಿಸಿದ್ದ. ಇದ್ದರೇನು? ಫೋನು ಇರುವುದು ಅತ್ತೆಯ ಕಿವಿಗೆ.

ಮೊದಲ ಕರೆಗೆ ಮುಂಚೆ ಅತ್ತೆಯ ಮುಂದೆ ಕೂತು ಅವನು ಸಾಹೇಬರ ಗುಣಗಾನ ಮಾಡಿದ. ಅವಳು ಅವನ ಮುಖವನ್ನೇ ನೋಡುತ್ತ ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

“ಅಷ್ಟು ದೊಡ್ಡವರು ನನ್ನಂಥವಳ ಜೊತೆ ಮಾತಾಡ್ತಾರಾ?”

“ನಾನು ಹೇಳಿದ್ರೆ ಮಾತಾಡ್ತಾರೆ ಅತ್ತೆ. ಆದ್ರೆ ಈ ವಿಷಯ ನಮ್ಮಲ್ಲೇ ಇರಲಿ. ಎಲ್ರಿಗೂ ಸಿಗೋ ಅವಕಾಶ ಅಲ್ಲ ಇದು.”

ಭಾನುವಾರ ಹಾಸಿಗೆಗಳ ನಡುವಿನಿಂದ ಸಾಹೇಬರು ಕೆಮ್ಮಿದರು.

“ನಮಸ್ಕಾರ ತಾಯಿ. ನಿಮ್ಮ ಹುಡುಗ ತುಂಬ ಹೇಳಿದ್ದಾನೆ. ಆದರೆ ಕ್ಷಮಿಸಬೇಕು, ಹೊಸಬರ ದುಡ್ಡನ್ನು ನಾವು ಮುಟ್ಟೋದಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮೌನ. ದೊಡ್ಡವರ ಜೊತೆ ಮಾತಾಡುವ ಅಳುಕು ಎಂದುಕೊಂಡು ಅವನು ಹಿಗ್ಗಿದ.

“ಮುಟ್ಟಲ್ಲ ಅಂದ್ರೆ ಬಿಡಿ ಸಾಹೇಬರೇ, ಬಲವಂತ ಏನಿಲ್ಲ,” ಎಂದಳು ಅತ್ತೆ.

ಸಾಹೇಬರಿಗೆ ನಿಜವಾದ ಕೆಮ್ಮೇ ಬಂತು. “ಇರಲಿ, ಇರಲಿ. ಹುಡುಗನ ಮುಖ ನೋಡಿ ಒಪ್ಪಬೇಕಾಗ್ತದೆ. ತಿಂಗಳು ತಿಂಗಳು ಲಾಭ. ಗ್ಯಾರಂಟಿ.”

ಮತ್ತೆ ಮೌನ. “ನಷ್ಟ ಆದ್ರೆ?”

“ನಷ್ಟ ಅನ್ನೋ ಪದವೇ ನಮ್ಮಲ್ಲಿಲ್ಲ.”

“ಪದ ಇಲ್ದಿದ್ರೂ ನಷ್ಟ ಇರಬಹುದಲ್ವಾ? ಆ ಗ್ಯಾರಂಟಿನ ಬರೆದು ಕೊಡ್ತೀರಾ?”

“ಬರೆದು ಕೊಡೋದು ನಂಬಿಕೆ ಇಲ್ಲದವರಿಗೆ, ತಾಯಿ.”

“ಸರ್ಕಾರದ ನೋಂದಣಿ ಅಂತ ಏನೋ ಇರುತ್ತಂತಲ್ಲ. ಅದರಲ್ಲಿ ನಿಮ್ಮ ಹೆಸರು ಇದೆಯಾ?”

“ನಮ್ಮ ಮಟ್ಟದವರನ್ನ ಹಾಗೆಲ್ಲ ಕೇಳೋದಿಲ್ಲ,” ಎಂದು ಸಾಹೇಬರು ತೀರ್ಪು ಕೊಟ್ಟರು. ಅತ್ತೆ ಬೇರೇನೂ ಕೇಳಲಿಲ್ಲ. ಸಲಹೆಗಾರ ಹಾಸಿಗೆಗಳ ನಡುವಿನಿಂದ ಹೊರಬಂದು ಬೆವರು ಒರೆಸಿಕೊಂಡು, ಕೇಳಬಾರದ್ದನ್ನೆಲ್ಲ ಕೇಳಿದಳು, ಹೇಳಬಾರದ್ದೇನನ್ನೂ ನಾನು ಹೇಳಲಿಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಅತ್ತೆ ಮೊದಲಿಗೆ ಸಣ್ಣ ಮೊತ್ತ ಕೊಟ್ಟಳು. ಅದರಲ್ಲೇ ಒಂದು ಚೂರು ಮುರಿದು ಅವನು ಲಾಭವೆಂದು ಅವಳಿಗೇ ಹಿಂದಿರುಗಿಸಿದ. ಅವರ ಕೆರೆಯ ನೀರನ್ನು ಅವರ ಕೆರೆಗೇ ಚೆಲ್ಲಿ ಪುಣ್ಯ ಕಟ್ಟಿಕೊಳ್ಳುವುದೆಂದರೆ ಇದು. ಪ್ರತಿ ಭಾನುವಾರ ಸಾಹೇಬರು ಕುಶಲ ಕೇಳಿದರು. ಅತ್ತೆ ಪ್ರತಿ ಸಲವೂ ತಡೆದು ತಡೆದು ಉತ್ತರಿಸಿದಳು. ಆ ತಡೆಯನ್ನು ಅವನು ಭಕ್ತಿ ಎಂದುಕೊಂಡ.

ಅವನಿಗೆ ಬೇಕಾಗಿದ್ದದ್ದು ಅತ್ತೆಯ ದುಡ್ಡು ಮಾತ್ರ. ತನ್ನ ಪಾಲು ಮಾತ್ರ. ಇದನ್ನು ಅವನು ತನಗೆ ತಾನೇ ಎಷ್ಟೋ ಸಲ ಆಣೆಯಿಟ್ಟು ಹೇಳಿಕೊಂಡಿದ್ದ. ಆದರೆ ಒಂದು ಭಾನುವಾರ ಅತ್ತೆ ಕೇಳಿದಳು.

“ಸಾಹೇಬರೇ, ನಮ್ಮ ಮಗ್ಗದ ಹೆಂಗಸರೂ ಸೇರಬಹುದಾ? ಅವರ ಹತ್ರ ಇರೋದು ನಾನು ಕೊಟ್ಟ ಆ ಗಂಟೊಂದೇ. ಮುಪ್ಪಿಗೆ ಅದೇ ಆಧಾರ. ಅವರದ್ದು ಬೇಡ ಅಂತ ನೀವಂದ್ರೆ ನಂಗೆ ಬೇಜಾರಿಲ್ಲ. ನಂದೊಂದೇ ತಗೊಳ್ಳಿ.”

ಈಗ ತಡೆದವರು ಸಾಹೇಬರು. ಹಾಸಿಗೆಗಳ ನಡುವೆ ಅವನ ಉಸಿರಾಟ ಅವನಿಗೇ ಜೋರಾಗಿ ಕೇಳಿಸಿತು. ಬೇಡ ಎನ್ನುವುದು ಒಂದು ಪದದ ಕೆಲಸ. ಆದರೆ ಆ ಗಂಟುಗಳೂ ಮಗ್ಗ ಮಾರಿದ ದುಡ್ಡೇ ಅಲ್ಲವೇ? ತನಗೆ ಬರಬೇಕಾದದ್ದು ಅವರಿಗೆ ಹೋಗಿದ್ದಲ್ಲವೇ? ಕಿಂಡಿಯ ಆಚೆ ಧೂಳಿನಲ್ಲಿ ಓಡಾಡುತ್ತಿದ್ದ ಆ ಹೆಂಗಸರು ಎಷ್ಟು ಜನ, ಯಾರು ಯಾರು ಎಂದು ಅವನು ಎಂದೂ ಗಮನಿಸಿದವನಲ್ಲ. ಮುಖವಿಲ್ಲದವರ ದುಡ್ಡಿಗೆ ಮುಲಾಜಿಲ್ಲ.

“ಬಡವರ ಸೇವೆಯೇ ನಮ್ಮ ಧ್ಯೇಯ, ತಾಯಿ,” ಎಂದರು ಸಾಹೇಬರು. “ಆದರೆ ಬೇಗ ಆಗಬೇಕು. ಈ ತಿಂಗಳು ಬಾಗಿಲು ಮುಚ್ತೇವೆ.”

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯ ಮೇಲಿನ ಕಣ್ಣು ಎತ್ತದೆ ಕೇಳಿದಳು.

“ರೀ, ಆ ಸಾಹೇಬರನ್ನ ನೀವು ಕಣ್ಣಾರೆ ನೋಡಿದ್ದೀರಾ?”

“ನೋಡದೆ ಏನು? ಎಷ್ಟು ಸಲ ಎದುರಿಗೆ ಕೂತಿದ್ದೀನಿ.”

“ಹೇಗಿದ್ದಾರೆ?”

“ಎತ್ತರ. ಬಿಳಿ ಮೀಸೆ. ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ.”

“ಒಳ್ಳೆಯವರಾ?”

“ನನಗಿಂತ ಒಳ್ಳೆಯವರು ಕಣೇ.”

“ಅದೇನು ಅಂಥಾ ಕಷ್ಟದ ಕೆಲಸ ಅಲ್ಲ ಬಿಡಿ,” ಎಂದು ಅವಳು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. “ನೋಡಿ, ಈಗ್ಲೂ ಏನೂ ಆಗಿಲ್ಲ. ಆ ಹೆಂಗಸರ ದುಡ್ಡು ಅಂದ್ರೆ ಬೆರಳು ಸವೆಸಿದ ದುಡ್ಡು. ಕಳ್ಕೊಂಡ್ರೆ ಮತ್ತೆ ನೇಯೋಣ ಅನ್ನೋಕೆ ಅವರಿಗೆ ಮಗ್ಗವೂ ಇಲ್ಲ, ವಯಸ್ಸೂ ಇಲ್ಲ. ನಿಮಗೇ ಏನಾದ್ರೂ ಅನುಮಾನ ಇದ್ರೆ, ಬೇಡ ಅಂತ ನಾನೇ ಹೋಗಿ ಹೇಳ್ತೀನಿ. ಯಾಕೆ ಅಂತ ಯಾರೂ ಕೇಳಲ್ಲ.”

“ಅನುಮಾನ ಇದ್ರೆ ನನ್ನ ದುಡ್ಡನ್ನೂ ಅಲ್ಲೇ ಹಾಕ್ತಿದ್ನಾ?”

“ನಿಮ್ಮ ದುಡ್ಡೂ ಹಾಕಿದ್ದೀರಾ?”

“ಎಲ್ಲಾ. ನಿನ್ನ ಆಣೆ.”

ಅವಳು ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು. ವಾತಾವರಣ ತಿಳಿಯಾಗಲಿ ಎಂದು ಅವನು ತನ್ನ ಆಫೀಸಿನ ಕೆಳಗಿನ ಔಷಧಿ ಅಂಗಡಿಯವನು ಗುಳಿಗೆ ಎಣಿಸುತ್ತ ಗೊಣಗುವುದನ್ನು ಆಡಿ ತೋರಿಸಿದ. ಅಡುಗೆಮನೆಯಿಂದ ನಗು ಬರಲಿಲ್ಲ. ದಣಿದಿರಬೇಕು ಪಾಪ ಎಂದುಕೊಂಡ.

ದುಡ್ಡು ಬಂತು. ಅತ್ತೆಯದೂ ಬಂತು, ಹೆಂಗಸರದೂ ಬಂತು. ಸಂಸ್ಥೆಯ ಹೆಸರಿನಲ್ಲಿ ಅವನು ತೆರೆದಿದ್ದ ಖಾತೆಗೆ ನೇರವಾಗಿ. ಅಲ್ಲಿಂದ ಬೇರೆಡೆಗೆ ಸಾಗಿಸಲು ನೋಡಿದಾಗ ಫೋನಿನ ಪರದೆಯ ಮೇಲೆ ‘ಸದ್ಯಕ್ಕೆ ಸಾಧ್ಯವಿಲ್ಲ, ಬ್ಯಾಂಕನ್ನು ಸಂಪರ್ಕಿಸಿ’ ಎಂದು ಬಂತು. ಬ್ಯಾಂಕಿನ ಯಂತ್ರಗಳಿಗೂ ಸೋಮವಾರದ ಸೋಮಾರಿತನ ಎಂದು ಬೈದುಕೊಂಡ. ನಾಳೆ ಆದರಾಯಿತು. ಅಳುವ ದಿನವನ್ನು ಮುಂದೂಡುವುದು ಬೇಡ. ಸಾಹೇಬರು ಬೆಳಿಗ್ಗೆಯೇ ಫೋನು ಬಂದ್ ಮಾಡಿಕೊಂಡು ಪರಾರಿಯಾಗಿದ್ದರು.

ಕನ್ನಡಿಯ ಮುಂದೆ ಅವನು ಕೂದಲು ಕೆದರಿಕೊಂಡ, ಅಂಗಿಯ ಒಂದು ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡ. ಎರಡು ಗುಂಡಿ ತಪ್ಪಿದರೆ ನಾಟಕ, ಒಂದು ತಪ್ಪಿದರೆ ದುಃಖ. ಹೆಂಡತಿ ಆಗಲೇ ಅತ್ತೆಯ ಮನೆಗೆ ಹೋಗಿದ್ದಳು. ಒಳ್ಳೆಯದೇ ಆಯಿತು. ಅವಳು ಅಳುವುದು ನಿಜವಾದ ಅಳು. ಅದನ್ನು ನೋಡಿದ ಮೇಲೆ ಇವನದನ್ನು ಯಾರು ಅನುಮಾನಿಸುತ್ತಾರೆ?

ಅತ್ತೆಯ ಪಡಸಾಲೆಯಲ್ಲಿ ಮಗ್ಗದ ಹೆಂಗಸರು ಗೋಡೆಯುದ್ದಕ್ಕೂ ಕೂತಿದ್ದರು. ಅವನು ಹೊಸ್ತಿಲಲ್ಲೇ ಕುಸಿದ.

“ಮೋಸ ಮಾಡಿಬಿಟ್ಟ ಅತ್ತೆ. ಆ ಸಾಹೇಬ ಎಲ್ಲಾ ಎತ್ಕೊಂಡು ಹೋದ. ನಿಮ್ಮದು, ಇವರದು, ನಂದು. ನಾನೂ ಬೀದಿಗೆ ಬಿದ್ದೆ.”

ಯಾರೂ ಚೀರಲಿಲ್ಲ. ಯಾರೂ ಶಾಪ ಹಾಕಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಅವರ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡು ಅವನು ಅಳುವನ್ನು ಒಂದು ಸ್ವರ ಏರಿಸಿದ.

“ಅವನನ್ನ ನಂಬಿ ಕೆಟ್ಟೆ ಅತ್ತೆ. ಸ್ವಂತ ಅಣ್ಣನ ಹಾಗೆ ನಂಬಿದ್ದೆ.”

“ನಂಬಿದವರು ಕೈಕೊಟ್ರೆ ಹೊಟ್ಟೆ ಉರಿಯುತ್ತೆ, ಅಲ್ವಾ?” ಎಂದಳು ಅತ್ತೆ, ಅವನ ಮುಖದಿಂದ ಕಣ್ಣು ಕೀಳದೆ. “ನಂಗೆ ಗೊತ್ತು. ಇರಲಿ. ಕೊನೇ ಸಲ ಸಾಹೇಬರು ಏನಂದ್ರು?”

“ಎಲ್ಲಾ ಮುಗೀತು, ನನ್ನನ್ನ ಮರೆತುಬಿಡಿ ಅಂದ.”

ಮೂಲೆಯಲ್ಲಿ ಕೂತಿದ್ದ, ಹೆಗಲಿಗೆ ಚೀಲ ಹಾಕಿಕೊಂಡಿದ್ದ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು. “ಹಾಗಲ್ಲಪ್ಪ. ಅವರು ಹೇಗೆ ಅಂದ್ರೋ ಹಾಗೇ ಹೇಳು. ನಾವು ಅವರ ಮುಖವಂತೂ ನೋಡಲಿಲ್ಲ. ಧ್ವನಿಯಾದ್ರೂ ಕೇಳೋಣ.”

ಕಲಾವಿದನಿಗೆ ಸಭೆ ಕೂತಲ್ಲೇ ಸಿಕ್ಕಿತ್ತು. ಮೂರು ತಿಂಗಳು ಹಾಸಿಗೆಗಳ ನಡುವೆ ಬೆವರಿದ ಕಲೆಯನ್ನು ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಮೋಸ ಹೋದವನು ಮೋಸ ಮಾಡಿದವನನ್ನು ಅಣಕಿಸುವುದು ಸಹಜವೇ ಅಲ್ಲವೇ? ಅವನು ಕಣ್ಣೊರೆಸಿಕೊಂಡು, ಮೂಗಿನಲ್ಲಿ ಉಸಿರು ಹಿಡಿದು, ಒಂದು ಕೆಮ್ಮು ಕೆಮ್ಮಿ, ತೀರ್ಪಿನ ನಿಲುಗಡೆಯೊಂದಿಗೆ ಹೇಳಿದ. “ಎಲ್ಲಾ ಮುಗೀತು. ನನ್ನನ್ನ ಮರೆತುಬಿಡಿ.” ಬಹಳ ಚೆನ್ನಾಗಿ ಬಂತು ಎಂದು ಅವನಿಗೇ ಅನ್ನಿಸಿತು.

ಒಳಗಿನಿಂದ ಹೆಂಡತಿ ಬಂದಳು. ಅವನ ಕಡೆ ನೋಡಲಿಲ್ಲ. ಅತ್ತೆಯ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತು, ಒಂದಿಷ್ಟೂ ಸದ್ದಿಲ್ಲದೆ ತುಟಿ ಆಡಿಸಿದಳು. “ಅದೇ ಧ್ವನೀನಾ?” ಎಂದಳು ಅತ್ತೆ. ಹೆಂಡತಿ ಹೂಂಗುಟ್ಟಿದಳು, ಕಳೆದ ಭಾನುವಾರಗಳಲ್ಲಿ ಆ ಮನೆಯ ಮೇಜಿನ ಬಳಿಯೇ ಕೂತು ಸಾಹೇಬರನ್ನು ಕೇಳಿದ್ದ ಚೀಲದ ಹೆಂಗಸೂ ಹೂಂಗುಟ್ಟಿ, ಚೀಲದಿಂದ ವಂಚನೆ ತನಿಖಾ ವಿಭಾಗದ ಗುರುತಿನ ಚೀಟಿ ತೆಗೆದು, ಎಲ್ಲರ ದುಡ್ಡೂ ಖಾತೆಯಲ್ಲಿ ಭದ್ರವಾಗಿ ತಡೆಹಿಡಿದಿದೆ ಎಂದಳು. ಕಿಂಡಿಯಲ್ಲಿ ಕಾಣದೆ ಉಳಿದದ್ದು ಇಷ್ಟೇ. ಮಗ್ಗದ ಅಬ್ಬರದಲ್ಲಿ ಯಾರೂ ಧ್ವನಿಯಿಂದ ಮಾತಾಡುವುದಿಲ್ಲ. ತುಟಿ ಆಡಿಸುತ್ತಾರೆ, ತುಟಿ ಓದುತ್ತಾರೆ. ಆ ಅಬ್ಬರ ಅತ್ತೆಯ ಎರಡು ಕಿವಿಗಳನ್ನೂ ಎಷ್ಟೋ ವರ್ಷಗಳ ಹಿಂದೆಯೇ ತಿಂದುಹಾಕಿತ್ತು; ತನ್ನ ಮಾತಿನಲ್ಲೇ ಮುಳುಗಿದ್ದ ಅವನು ಅದನ್ನು ಎಂದೂ ಗಮನಿಸಿರಲಿಲ್ಲ. ಎದುರಿಗೆ ಕೂತವರ ಒಂದು ಮಾತೂ ಅವಳಿಗೆ ತಪ್ಪುತ್ತಿರಲಿಲ್ಲ. ಬೆನ್ನ ಹಿಂದೆ ಆಡಿದ್ದು, ಫೋನಿನಲ್ಲಿ ಆಡಿದ್ದು ಒಂದೂ ತಲುಪುತ್ತಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಅವಳ ಫೋನು ಸ್ಪೀಕರ್ ಹಾಕಿಕೊಂಡು ಮೇಜಿನ ಮೇಲಿರುತ್ತಿತ್ತು. ಸಾಹೇಬರು ಆಡಿದ ಒಂದೊಂದು ಮಾತನ್ನೂ ಕೇಳಿಸಿಕೊಂಡು, ತುಟಿಯಲ್ಲಿ ಅತ್ತೆಗೆ ದಾಟಿಸುತ್ತಿದ್ದವಳು, ಅವನೇ ಅಲ್ಲಿಗೆ ಕಳಿಸುತ್ತಿದ್ದ ಅವನ ಹೆಂಡತಿ. ಗಂಡನ ಗಂಟಲು ಅವಳಿಗೆ ಮೊದಲ ಕೆಮ್ಮಿಗೇ ಗೊತ್ತಾಗಿತ್ತು. ಈಗ ಅವಳು ಅತ್ತೆಯ ಕೈ ಹಿಡಿದುಕೊಂಡು, ಸಾಹೇಬರ ಆ ಕೊನೆಯ ಮಾತನ್ನು ಕೆಮ್ಮಿನ ಸಮೇತ, ಮೂಗಿನ ಸಮೇತ ತುಟಿಯಲ್ಲೇ ಆಡಿ ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕವಳು ಅತ್ತೆ. ಗೋಡೆ ಅದುರುವ ಹಾಗೆ, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಎಲ್ಲರಿಗಿಂತ ಜೋರಾಗಿ ನಕ್ಕಳು. ತಾನು ಎಷ್ಟು ಜೋರಾಗಿ ನಗುತ್ತಿದ್ದೇನೆ ಎನ್ನುವುದು ಅವಳಿಗೆ ಕೇಳಿಸುತ್ತಿರಲಿಲ್ಲ.